ದೆಹಲಿಯಲ್ಲೊಂದು ನಿಲುವು, ಬೆಂಗಳೂರಿನಲ್ಲೊಂದು ಕರಡು

ಸಾಮಾಜಿಕ ಮಾಧ್ಯಮಗಳಲ್ಲಿ ಹರಡುವ ಸುಳ್ಳುಸುದ್ದಿಗೆ ಸರ್ಕಾರ ಕಾನೂನಿನ ಕಡಿವಾಣ ಹಾಕಬೇಕೇ, ಹಾಕುವುದಾದರೆ ಯಾವುದು ಸುಳ್ಳು ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಕಳೆದ ಒಂದೂವರೆ ದಶಕದಲ್ಲಿ ಒಂದೇ ಉತ್ತರ ಕೊಟ್ಟಿಲ್ಲ. ಕೇಂದ್ರದಲ್ಲಿ ಅಧಿಕಾರ ನಡೆಸುತ್ತಿದ್ದಾಗ ಅದು ಬಿಗಿಯಾದ ನಿಯಂತ್ರಣದ ಪರ ನಿಂತಿತು. 2014ರ ನಂತರ ವಿರೋಧ ಪಕ್ಷವಾಗಿ, ಸರ್ಕಾರವೇ ಸತ್ಯಾಸತ್ಯಗಳ ತೀರ್ಪುಗಾರನಾಗುವುದು ಪ್ರಜಾಪ್ರಭುತ್ವಕ್ಕೆ ಅಪಾಯ ಎಂದು ವಾದಿಸಿತು. 2023ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಅಧಿಕಾರಕ್ಕೆ ಬಂದ ಬಳಿಕ ತಾನೇ ಸತ್ಯಶೋಧನಾ ಘಟಕವೊಂದನ್ನು ಕಟ್ಟಲು ಹೊರಟು, 2025ರಲ್ಲಿ ಏಳು ವರ್ಷಗಳವರೆಗಿನ ಸೆರೆವಾಸ ವಿಧಿಸುವ ಮಸೂದೆಯ ಕರಡನ್ನೂ ಸಿದ್ಧಪಡಿಸಿತು. ಅಧಿಕಾರ ಸಿಕ್ಕಾಗ ಎಲ್ಲ ಪಕ್ಷಗಳೂ ಮಾತು ಬದಲಿಸುತ್ತವೆ ಎಂದು ಹೇಳಿ ಇದನ್ನು ಬದಿಗೆ ಸರಿಸಿಬಿಡಬಹುದು. ಆದರೆ ವಿರೋಧ ಪಕ್ಷದಲ್ಲಿದ್ದಾಗ ಕಾಂಗ್ರೆಸ್ ಮಂಡಿಸಿದ ವಾದ ಸರಿಯಾಗಿತ್ತು, ಬಾಂಬೆ ಹೈಕೋರ್ಟ್ ಬಹುಮಟ್ಟಿಗೆ ಅದನ್ನೇ ಎತ್ತಿಹಿಡಿಯಿತು, ಮತ್ತು ಆ ವಾದದ ಮೊನೆ ಈಗ ಬೆಂಗಳೂರಿನ ಕರಡಿನತ್ತಲೂ ತಿರುಗುತ್ತದೆ ಎಂಬ ಮುಖ್ಯ ಸಂಗತಿ ಆಗ ಕಣ್ಮರೆಯಾಗುತ್ತದೆ.

ಚರ್ಚೆಯ ಕಾನೂನಿನ ನೆಲೆ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದೆ. ಅದರ 79ನೇ ಸೆಕ್ಷನ್ ಫೇಸ್‌ಬುಕ್, ಎಕ್ಸ್, ಯೂಟ್ಯೂಬ್‌ನಂಥ ಕಂಪನಿಗಳನ್ನು ಮಧ್ಯವರ್ತಿಗಳು ಎಂದು ಪರಿಗಣಿಸಿ, ಬಳಕೆದಾರರು ಬರೆದುದಕ್ಕೆ ಅವುಗಳನ್ನು ಹೊಣೆ ಮಾಡದಂತೆ ರಕ್ಷಣೆ ನೀಡುತ್ತದೆ. ಆದರೆ ಸರ್ಕಾರ ರೂಪಿಸಿದ ನಿಯಮಗಳನ್ನು ಪಾಲಿಸಿದರೆ ಮಾತ್ರ ಆ ರಕ್ಷಣೆ ಉಳಿಯುತ್ತದೆ. ನೇರವಾಗಿ ಯಾರ ಬಾಯಿಯನ್ನೂ ಮುಚ್ಚಿಸದೆ, ಕಂಪನಿಗಳ ರಕ್ಷಣೆಯನ್ನು ಹಿಂಪಡೆಯುವ ಬೆದರಿಕೆಯಿಂದಲೇ ಬರಹಗಳನ್ನು ತೆಗೆಸಬಹುದಾದ ದಾರಿ ಇದು. 69ಎ ಸೆಕ್ಷನ್ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ಜಾಲತಾಣದ ಪುಟಗಳನ್ನು ತಡೆಹಿಡಿಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. ಇವೆರಡರ ಜೊತೆಗೆ, ಮನಮೋಹನ್ ಸಿಂಗ್ ಸರ್ಕಾರದ ಅವಧಿಯಲ್ಲಿ, 2008ರ ತಿದ್ದುಪಡಿಯ ಮೂಲಕ ಸೇರಿಕೊಂಡ 66ಎ ಸೆಕ್ಷನ್ ಕಿರಿಕಿರಿ ಅಥವಾ ಅನನುಕೂಲ ಉಂಟುಮಾಡುವ ಸಂದೇಶಗಳಿಗೂ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತಿತ್ತು.

ಆ ಕಾಲದಲ್ಲಿ ಕಾಂಗ್ರೆಸ್ಸಿನ ಧೋರಣೆ ಎಷ್ಟು ಬಿಗಿಯಾಗಿತ್ತೆಂಬುದಕ್ಕೆ 2011ರ ಡಿಸೆಂಬರ್‌ನಲ್ಲಿ ಆಗಿನ ದೂರಸಂಪರ್ಕ ಸಚಿವ ಕಪಿಲ್ ಸಿಬಲ್ ಅವರು ಜಾಲತಾಣ ಕಂಪನಿಗಳ ಮುಂದಿಟ್ಟ ಬೇಡಿಕೆಯೇ ಸಾಕ್ಷಿ: ಆಕ್ಷೇಪಾರ್ಹವಾದುದನ್ನು ಪ್ರಕಟವಾಗುವ ಮೊದಲೇ ಶೋಧಿಸಿ ತಡೆಯಬೇಕೆಂದು ಅವರು ಬಯಸಿದ್ದರು. 2012ರ ಮೇ ತಿಂಗಳಲ್ಲಿ ಸಿಪಿಎಂನ ಪಿ. ರಾಜೀವ್ ಅವರು ಅದೇ ಸರ್ಕಾರದ 2011ರ ಮಧ್ಯವರ್ತಿ ನಿಯಮಗಳನ್ನು ರದ್ದುಪಡಿಸುವಂತೆ ರಾಜ್ಯಸಭೆಯಲ್ಲಿ ನಿರ್ಣಯ ಮಂಡಿಸಿದಾಗ, ವಿರೋಧ ಪಕ್ಷದ ನಾಯಕರಾಗಿದ್ದ ಬಿಜೆಪಿಯ ಅರುಣ್ ಜೇಟ್ಲಿ ಅದನ್ನು ಬೆಂಬಲಿಸಿ ಮಾತನಾಡಿದರು. ಮುಂದೆ ಬಿಜೆಪಿ ಅಧಿಕಾರಕ್ಕೆ ಬಂದ ಮೇಲೆ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ 66ಎ ಸೆಕ್ಷನ್ನನ್ನು ಸಮರ್ಥಿಸಿಕೊಂಡಿತು. ಎರಡೂ ಪಕ್ಷಗಳ ವಾದಗಳು ಕುರ್ಚಿಯ ಜೊತೆ ಜಾಗ ಬದಲಿಸಿಕೊಂಡದ್ದನ್ನು ಇಲ್ಲಿಂದಲೇ ಗುರುತಿಸಬಹುದು.

ಆದರೆ ನಿಯಂತ್ರಣದ ಬೇಡಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ, ಅದಕ್ಕೆ ಕರ್ನಾಟಕವೇ ಕಹಿ ಸಾಕ್ಷಿಯಾಗಿದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್ ಮತ್ತು ಜಾಲತಾಣಗಳ ಮೂಲಕ ಹಬ್ಬಿ, ಬೆಂಗಳೂರಿನಲ್ಲಿ ದುಡಿಯುತ್ತಿದ್ದ, ಓದುತ್ತಿದ್ದ ಸಾವಿರಾರು ಮಂದಿ ಕೈಗೆ ಸಿಕ್ಕ ಸಾಮಾನು ಹಿಡಿದು ಗುವಾಹಟಿಯ ರೈಲು ಹತ್ತಿದರು. ರೈಲ್ವೆ ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳುಹಿಸದಂತೆ ಮಿತಿ ಹೇರಿ, 300ಕ್ಕೂ ಹೆಚ್ಚು ಪುಟ ಹಾಗೂ ಖಾತೆಗಳನ್ನು ತಡೆಹಿಡಿಯಲು ಆದೇಶಿಸಿತು. ಆ ಪಟ್ಟಿಯಲ್ಲಿ ವದಂತಿಕೋರರ ಜೊತೆಗೆ ಕೆಲವು ಪತ್ರಕರ್ತರ ಖಾತೆಗಳೂ ಸೇರಿದ್ದರಿಂದ ವಿವಾದವೆದ್ದಿತು, ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿ ತಮ್ಮ ಟ್ವಿಟರ್ ಖಾತೆಯ ಚಿತ್ರವನ್ನು ಕಪ್ಪಾಗಿಸಿ ಪ್ರತಿಭಟಿಸಿದರು. ವದಂತಿ ನಿಜವಾದ ಹಾನಿ ಮಾಡಿತ್ತು, ಅದನ್ನು ತಡೆಯುವ ನೆಪದಲ್ಲಿ ಸಂಬಂಧವಿಲ್ಲದವರ ಮಾತೂ ಕತ್ತರಿಗೆ ಸಿಕ್ಕಿತ್ತು. ಈ ಎರಡು ಸತ್ಯಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವ ಯಾವ ವಾದವೂ ಪೂರ್ಣವಾಗದು.

ಅದೇ ವರ್ಷದ ನವೆಂಬರ್‌ನಲ್ಲಿ, ಕಾಂಗ್ರೆಸ್–ಎನ್‌ಸಿಪಿ ಆಡಳಿತವಿದ್ದ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ಶಿವಸೇನೆ ನಾಯಕ ಬಾಳ ಠಾಕ್ರೆ ಅವರ ನಿಧನದ ಹಿನ್ನೆಲೆಯಲ್ಲಿ ಮುಂಬಯಿ ಸ್ತಬ್ಧಗೊಂಡದ್ದನ್ನು ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ಬರೆದ ಒಬ್ಬ ಯುವತಿಯನ್ನೂ, ಅದಕ್ಕೆ ಲೈಕ್ ಒತ್ತಿದ ಅವಳ ಗೆಳತಿಯನ್ನೂ ಪೊಲೀಸರು ಬಂಧಿಸಿದರು. ಆ ಬಂಧನದ ನಂತರ ಸುಪ್ರೀಂ ಕೋರ್ಟಿಗೆ ಹೋದ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಜೆ. ಚಲಮೇಶ್ವರ್ ಮತ್ತು ರೋಹಿಂಟನ್ ನಾರಿಮನ್ 66ಎ ಸೆಕ್ಷನ್ನನ್ನು ಅಸಾಂವಿಧಾನಿಕ ಎಂದು ಸಾರಿದರು. ಅದಾದ ಮೇಲೂ ಹಲವು ಠಾಣೆಗಳಲ್ಲಿ ಅದೇ ಸೆಕ್ಷನ್ನಿನಡಿ ಪ್ರಕರಣಗಳು ದಾಖಲಾಗುತ್ತಲೇ ಇದ್ದುದು 2021ರಲ್ಲಿ ಸುಪ್ರೀಂ ಕೋರ್ಟಿನ ಗಮನಕ್ಕೆ ಬಂದು, ಅದು ಆಘಾತ ವ್ಯಕ್ತಪಡಿಸಿತು. ಮಾತನ್ನು ಅಪರಾಧವಾಗಿಸುವ ಕಾನೂನು ಒಮ್ಮೆ ಠಾಣೆಯ ಬಳಕೆಗೆ ಬಂದರೆ ಅದನ್ನು ಹಿಂತೆಗೆಯುವುದು ಎಷ್ಟು ಕಷ್ಟ ಎಂಬುದನ್ನು ಹೊಸ ಕಾನೂನು ಬರೆಯುವವರು ಈ ಒಂದು ಉದಾಹರಣೆಯಿಂದಲೇ ಅರಿಯಬೇಕು.

ವಿರೋಧ ಪಕ್ಷವಾಗಿ ಕಾಂಗ್ರೆಸ್ಸಿನ ನಿಲುವು ಸ್ಪಷ್ಟ ರೂಪ ಪಡೆದದ್ದು 2023ರಲ್ಲಿ. ಆ ವರ್ಷದ ಏಪ್ರಿಲ್ 6ರಂದು ಕೇಂದ್ರ ಸರ್ಕಾರ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಿಗೆ ತಿದ್ದುಪಡಿ ತಂದು, ಕೇಂದ್ರದ ಯಾವುದೇ ವ್ಯವಹಾರಕ್ಕೆ ಸಂಬಂಧಿಸಿದ ಸುದ್ದಿಯನ್ನು ತನ್ನದೇ ಸತ್ಯಶೋಧನಾ ಘಟಕ ಸುಳ್ಳು ಅಥವಾ ದಾರಿತಪ್ಪಿಸುವಂಥದ್ದು ಎಂದು ಗುರುತಿಸಿದರೆ, ಅದನ್ನು ಉಳಿಸಿಕೊಳ್ಳದಂತೆ ಜಾಲತಾಣ ಕಂಪನಿಗಳು ಕ್ರಮ ಕೈಗೊಳ್ಳಬೇಕೆಂದು ವಿಧಿಸಿತು. ಆರೋಪಕ್ಕೆ ಒಳಗಾದವರೇ ನ್ಯಾಯಪೀಠದಲ್ಲಿ ಕೂರುವ ಏರ್ಪಾಡು ಇದು ಎಂಬುದು ಕಾಂಗ್ರೆಸ್ ವಕ್ತಾರರ ಆಕ್ಷೇಪದ ತಿರುಳಾಗಿತ್ತು. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ, ಎಡಿಟರ್ಸ್ ಗಿಲ್ಡ್ ಆಫ್ ಇಂಡಿಯಾ ಮೊದಲಾದವರು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು. 2024ರ ಜನವರಿ 31ರಂದು ನ್ಯಾಯಮೂರ್ತಿ ಜಿ.ಎಸ್. ಪಟೇಲ್ ನಿಯಮವನ್ನು ತಳ್ಳಿಹಾಕಿದರೆ ನ್ಯಾಯಮೂರ್ತಿ ನೀಲಾ ಗೋಖಲೆ ಎತ್ತಿಹಿಡಿದರು. ಈ ಭಿನ್ನ ತೀರ್ಪು ಮೂರನೆಯ ನ್ಯಾಯಮೂರ್ತಿಯ ಮುಂದಿರುವಾಗಲೇ, ಮಾರ್ಚ್ 20ರಂದು ಕೇಂದ್ರವು ಪತ್ರಿಕಾ ಮಾಹಿತಿ ಬ್ಯೂರೊದ, ಅಂದರೆ ಪಿಐಬಿಯ, ಘಟಕಕ್ಕೆ ಅಧಿಸೂಚನೆಯ ಮೂಲಕ ಆ ಅಧಿಕಾರ ಕೊಟ್ಟಿತು. ಮರುದಿನವೇ ಸುಪ್ರೀಂ ಕೋರ್ಟ್ ತಡೆ ನೀಡಿತು. ಸೆಪ್ಟೆಂಬರ್ 20ರಂದು ಹೈಕೋರ್ಟಿನ ಆ ಮೂರನೆಯ ನ್ಯಾಯಮೂರ್ತಿ ಎ.ಎಸ್. ಚಂದೂರ್ಕರ್ ಅವರು ನಿಯಮ ಸಂವಿಧಾನಬಾಹಿರ ಎಂದು ಅಭಿಪ್ರಾಯಪಟ್ಟರು.

ಈ ತೀರ್ಪಿನ ತರ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆ ನಿಲ್ಲುತ್ತದೆ. ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯವನ್ನು ಕೊಟ್ಟರೆ, 19(2)ನೇ ವಿಧಿ ಅದನ್ನು ಯಾವ ಕಾರಣಗಳಿಗೆ ನಿರ್ಬಂಧಿಸಬಹುದೆಂದು ಎಣಿಸಿ ಹೇಳುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಒಂದು ಮಾತು ಸುಳ್ಳು ಎಂಬುದಷ್ಟೇ ಈ ಪಟ್ಟಿಯಲ್ಲಿ ಇಲ್ಲ. ಸುಳ್ಳು ಗಲಭೆಗೆ ದಾರಿಮಾಡಿದರೆ ಅಥವಾ ಒಬ್ಬರ ಮಾನಕ್ಕೆ ಕುಂದು ತಂದರೆ ಅದನ್ನು ಶಿಕ್ಷಿಸಬಹುದೇ ಹೊರತು, ಪ್ರಜೆಗಳ ಕಿವಿಗೆ ಬರೀ ಸತ್ಯವೇ ಬೀಳುವಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸವಲ್ಲ ಎಂಬುದು ನ್ಯಾಯಾಲಯದ ಅಭಿಪ್ರಾಯದ ಸಾರ. ಜೊತೆಗೆ, ಅಚ್ಚಾದ ಪತ್ರಿಕೆಯಲ್ಲಿ ತಪ್ಪಲ್ಲದ ಸಾಲು ಜಾಲತಾಣಕ್ಕೆ ಬಂದೊಡನೆ ಘಟಕದ ಪರಿಶೀಲನೆಗೆ ಒಳಪಡುವುದೇಕೆ ಎಂಬ ಪ್ರಶ್ನೆಗೂ ಕೇಂದ್ರದ ಬಳಿ ತೃಪ್ತಿಕರ ಉತ್ತರವಿರಲಿಲ್ಲ. ಕಾಂಗ್ರೆಸ್ 2024ರ ತನ್ನ ನ್ಯಾಯಪತ್ರ ಎಂಬ ಪ್ರಣಾಳಿಕೆಯಲ್ಲಿ ಇಂಟರ್‌ನೆಟ್ ಸ್ವಾತಂತ್ರ್ಯವನ್ನು ಕಾಪಾಡುವ ಕಾನೂನಿನ ಭರವಸೆ ಕೊಟ್ಟು, ಪ್ರಸಾರ ಸೇವೆಗಳ ಮಸೂದೆಯಂಥವುಗಳಲ್ಲಿ ಹಿಂಬಾಗಿಲಿನಿಂದ ನುಸುಳುವ ಸೆನ್ಸಾರ್‌ಶಿಪ್ಪನ್ನು ತೆಗೆದುಹಾಕುವುದಾಗಿ ಹೇಳಿದ್ದು ಈ ತರ್ಕಕ್ಕೆ ಹೊಂದಿಕೊಂಡೇ ಇತ್ತು.

ಹಾಗಿರುವಾಗ ಕರ್ನಾಟಕದಲ್ಲಿ ಅದೇ ಪಕ್ಷದ ಸರ್ಕಾರ ಬೇರೆ ಹಾದಿ ಹಿಡಿದದ್ದೇಕೆ? 2023ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸತ್ಯಶೋಧನಾ ಘಟಕಕ್ಕೆ ಒಪ್ಪಿಗೆ ನೀಡಿದಾಗ, ಕೋಮು ಸಾಮರಸ್ಯವನ್ನು ಕದಡುವ ಸುಳ್ಳುಗಳ ಹಾವಳಿಯನ್ನು ಕಾರಣವಾಗಿ ಮುಂದಿಡಲಾಯಿತು. ಕೆಲವೇ ದಿನಗಳಲ್ಲಿ ಎಡಿಟರ್ಸ್ ಗಿಲ್ಡ್ ಕೇಂದ್ರದ ಘಟಕದ ಬಗ್ಗೆ ಎತ್ತಿದ್ದಂಥ ಕಳವಳವನ್ನೇ ಇದರ ಬಗ್ಗೆಯೂ ವ್ಯಕ್ತಪಡಿಸಿತು. ಐಟಿ–ಬಿಟಿ ಸಚಿವ ಪ್ರಿಯಾಂಕ್ ಖರ್ಗೆ ಅವರು ಘಟಕ ಪಕ್ಷಾತೀತವಾಗಿರುತ್ತದೆ, ಪತ್ರಿಕಾ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಉದ್ದೇಶ ತಮಗಿಲ್ಲ ಎಂದು ಉತ್ತರಿಸಿದರು. ಸರ್ಕಾರದ ಕಾಳಜಿ ಪೊಳ್ಳೆಂದು ಹೇಳಲಾಗದು. ಸುಳ್ಳು ಹಬ್ಬಿದಾಗ ಶಾಂತಿ ಕಾಪಾಡಬೇಕಾದ ಹೊಣೆ ಜಿಲ್ಲಾಧಿಕಾರಿಯ ಮೇಲೂ ಪೊಲೀಸ್ ವರಿಷ್ಠಾಧಿಕಾರಿಯ ಮೇಲೂ ಬೀಳುತ್ತದೆ, ಅಂದರೆ ರಾಜ್ಯದ ಮೇಲೆಯೇ ಬೀಳುತ್ತದೆ. ಆಡಳಿತದಲ್ಲಿರುವವರಿಗೆ ಇದು ವಿರೋಧ ಪಕ್ಷದವರಿಗಿಂತ ತೀವ್ರವಾಗಿ ಕಾಣುವುದು ಸಹಜ.

ಇರುವ ಕಾನೂನಿನ ಬಳಕೆ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಹಾವೇರಿಯ ಪ್ರಕರಣ ತೋರಿಸಿಕೊಟ್ಟಿತು. 2024ರ ನವೆಂಬರ್‌ನಲ್ಲಿ, ರೈತರ ಜಮೀನುಗಳ ಮೇಲಿನ ವಕ್ಫ್ ಹಕ್ಕಿನ ವಿವಾದ ಕಾವೇರಿದ್ದಾಗ, ಜಮೀನು ವಕ್ಫ್ ಪಾಲಾದುದಕ್ಕೆ ಹಾವೇರಿಯ ರೈತರೊಬ್ಬರು ಆತ್ಮಹತ್ಯೆ ಮಾಡಿಕೊಂಡರೆಂಬ ಜಾಲತಾಣ ಸುದ್ದಿಯನ್ನು ಬೆಂಗಳೂರು ದಕ್ಷಿಣದ ಬಿಜೆಪಿ ಸಂಸದ ತೇಜಸ್ವಿ ಸೂರ್ಯ ಎಕ್ಸ್‌ನಲ್ಲಿ ಹಂಚಿಕೊಂಡರು. ಆ ಸಾವು 2022ರ ಜನವರಿಯಲ್ಲಿ, ಸಾಲ ಮತ್ತು ಬೆಳೆನಷ್ಟದ ಕಾರಣದಿಂದ ಸಂಭವಿಸಿದ್ದೆಂದು ಜಿಲ್ಲಾ ಪೊಲೀಸರು ಸ್ಪಷ್ಟಪಡಿಸಿದ ಮೇಲೆ ಸಂಸದರು ತಮ್ಮ ಬರಹವನ್ನು ಅಳಿಸಿದರು. ಇಲ್ಲಿಗೆ ಸುಳ್ಳಿಗೆ ಉತ್ತರ ಸಿಕ್ಕಿತ್ತು, ಅದೂ ಬೇಗನೆ ಸಿಕ್ಕಿತ್ತು. ಆದರೂ ಭಾರತೀಯ ನ್ಯಾಯ ಸಂಹಿತೆಯ 353(2)ನೇ ಸೆಕ್ಷನ್ನಿನಡಿ, ಅಂದರೆ ಸಮುದಾಯಗಳ ನಡುವೆ ದ್ವೇಷ ಹುಟ್ಟಿಸುವ ಉದ್ದೇಶದಿಂದ ಸುಳ್ಳು ಮಾಹಿತಿ ಅಥವಾ ವದಂತಿ ಹಬ್ಬಿಸಿದ ಆರೋಪದಡಿ, ಮೊಕದ್ದಮೆ ದಾಖಲಾಯಿತು. ಕರ್ನಾಟಕ ಹೈಕೋರ್ಟ್ ಡಿಸೆಂಬರ್‌ನಲ್ಲಿ ಅದನ್ನು ರದ್ದುಪಡಿಸಿತು. ರಾಜ್ಯದ ಮೇಲ್ಮನವಿಯನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸುಳ್ಳನ್ನು ಜನರ ಮುಂದೆ ಬಯಲು ಮಾಡುವ ಕೆಲಸದಲ್ಲಿ ಗೆದ್ದ ಸರ್ಕಾರ, ಅದನ್ನು ಹೇಳಿದವರನ್ನು ಶಿಕ್ಷಿಸುವ ಕೆಲಸದಲ್ಲಿ ಸೋತಿತು.

ಈ ಪ್ರಕರಣ ನ್ಯಾಯಾಲಯದಲ್ಲಿ ಇನ್ನೂ ಮುಗಿಯದಿದ್ದಾಗಲೇ, 2025ರ ಜೂನ್‌ನಲ್ಲಿ, ಕರ್ನಾಟಕ ತಪ್ಪು ಮಾಹಿತಿ ಮತ್ತು ಸುಳ್ಳುಸುದ್ದಿ (ನಿಷೇಧ) ಮಸೂದೆಯ ಕರಡು ಬೆಳಕಿಗೆ ಬಂದಿತು. ಒಬ್ಬರ ಹೇಳಿಕೆಯನ್ನು ತಪ್ಪಾಗಿ ಉಲ್ಲೇಖಿಸುವುದು, ಧ್ವನಿ ಅಥವಾ ವಿಡಿಯೊವನ್ನು ತಿರುಚುವುದು, ಇಲ್ಲದ್ದನ್ನು ಸೃಷ್ಟಿಸುವುದು ಸುಳ್ಳುಸುದ್ದಿ ಎಂದೂ, ಗೊತ್ತಿದ್ದು ಅಥವಾ ಲೆಕ್ಕಿಸದೆ ಹೇಳಿದ ಅಸತ್ಯ ತಪ್ಪು ಮಾಹಿತಿ ಎಂದೂ ಅದು ವಿಂಗಡಿಸಿತು. ಮೊದಲನೆಯದಕ್ಕೆ ಏಳು ವರ್ಷಗಳವರೆಗೆ ಸೆರೆ ಮತ್ತು 10 ಲಕ್ಷ ರೂಪಾಯಿಗಳವರೆಗೆ ದಂಡ. ಸಾರ್ವಜನಿಕ ಆರೋಗ್ಯ, ಸುರಕ್ಷತೆ, ಶಾಂತಿ ಅಥವಾ ಚುನಾವಣೆಗೆ ಧಕ್ಕೆ ತರುವ ಎರಡನೆಯದಕ್ಕೆ ಎರಡರಿಂದ ಐದು ವರ್ಷ ಸೆರೆ. ಅಪರಾಧಗಳು ಸಂಜ್ಞೇಯ ಮತ್ತು ಜಾಮೀನುರಹಿತ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು, ಬಿಡುಗಡೆ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಇವುಗಳ ಮೇಲೆ, ಕನ್ನಡ ಮತ್ತು ಸಂಸ್ಕೃತಿ ಹಾಗೂ ವಾರ್ತಾ ಖಾತೆಯ ಸಚಿವರ ಅಧ್ಯಕ್ಷತೆಯಲ್ಲಿ ಒಂದು ನಿಯಂತ್ರಣ ಪ್ರಾಧಿಕಾರ. ಅದರಲ್ಲಿ ಶಾಸನಸಭೆಯ ಎರಡೂ ಸದನಗಳ ತಲಾ ಒಬ್ಬ ಸದಸ್ಯರು, ಜಾಲತಾಣ ಕಂಪನಿಗಳ ಇಬ್ಬರು ಪ್ರತಿನಿಧಿಗಳು, ಕಾರ್ಯದರ್ಶಿಯಾಗಿ ಒಬ್ಬ ಐಎಎಸ್ ಅಧಿಕಾರಿ. ಸುಳ್ಳುಸುದ್ದಿಯನ್ನಷ್ಟೇ ಅಲ್ಲ, ಸ್ತ್ರೀವಾದ ವಿರೋಧಿ ಬರಹವನ್ನೂ ಸನಾತನ ಸಂಕೇತಗಳಿಗೂ ನಂಬಿಕೆಗಳಿಗೂ ಅಗೌರವ ತೋರುವ ಬರಹವನ್ನೂ ತಡೆಯುವುದು, ವಿಜ್ಞಾನ, ಇತಿಹಾಸ, ಧರ್ಮ, ತತ್ತ್ವಶಾಸ್ತ್ರ, ಸಾಹಿತ್ಯಗಳ ಬಗ್ಗೆ ಅಧಿಕೃತ ಸಂಶೋಧನೆಯನ್ನು ಆಧರಿಸಿದ್ದು ಮಾತ್ರ ಪ್ರಕಟವಾಗುವಂತೆ ನೋಡಿಕೊಳ್ಳುವುದು ಕೂಡ ಆ ಪ್ರಾಧಿಕಾರದ ಕರ್ತವ್ಯವೆಂದು ಕರಡು ಹೇಳಿತು.

ಈ ಕೊನೆಯ ಅಂಶವೊಂದೇ ಸಾಕು, ಕರಡಿನ ದೋಷ ಎಷ್ಟು ಆಳವಾದುದೆಂದು ತಿಳಿಯಲು. ಹನ್ನೆರಡನೆಯ ಶತಮಾನದ ಶರಣರ ಚಳವಳಿಯ ಬಗ್ಗೆ, ಟಿಪ್ಪು ಸುಲ್ತಾನನ ಆಳ್ವಿಕೆಯ ಬಗ್ಗೆ, ಒಬ್ಬ ಕವಿಯ ಕಾಲದ ಬಗ್ಗೆ ವಿದ್ವಾಂಸರಲ್ಲೇ ಒಮ್ಮತವಿಲ್ಲದ ನಾಡಿನಲ್ಲಿ, ಯಾವ ಸಂಶೋಧನೆ ಅಧಿಕೃತ ಎಂದು ಸಚಿವರ ಅಧ್ಯಕ್ಷತೆಯ ಸಮಿತಿ ನಿರ್ಧರಿಸುವುದಾದರೆ ಅದು ವದಂತಿಯ ನಿಯಂತ್ರಣವಲ್ಲ, ವಿಚಾರದ ನಿಯಂತ್ರಣ. ತಪ್ಪಾಗಿ ಉಲ್ಲೇಖಿಸುವುದನ್ನೇ ಸುಳ್ಳುಸುದ್ದಿಯ ವ್ಯಾಖ್ಯೆಯೊಳಗೆ ತಂದಿರುವುದೂ ಅಷ್ಟೇ ಅಪಾಯಕಾರಿ: ಗದ್ದಲದ ಸಭೆಯಲ್ಲಿ ಭಾಷಣ ಬರೆದುಕೊಂಡು ಅವಸರದಲ್ಲಿ ಹಾಕುವ ತಾಲ್ಲೂಕು ವರದಿಗಾರನ ಒಂದು ಪದ ಹೆಚ್ಚುಕಡಿಮೆಯಾದರೆ, ತಿದ್ದುಪಡಿ ಪ್ರಕಟಿಸಿ ಮುಗಿಸಬಹುದಾದ ವಿಷಯಕ್ಕೆ ಅವನು ಜಾಮೀನಿಗಾಗಿ ಅಲೆಯಬೇಕಾಗುತ್ತದೆ. ಕೊನೆಗೆ ಶಿಕ್ಷೆಯಾಗದಿದ್ದರೂ, ಆ ಅಲೆದಾಟದ ಹೆದರಿಕೆಯಿಂದಲೇ ಬರೆಯುವವರು ಬರೆಯುವುದನ್ನು ನಿಲ್ಲಿಸುತ್ತಾರೆ.

ಕರಡಿನ ಪರವಾಗಿ ಹೇಳಬಹುದಾದ ಮಾತುಗಳೂ ಇವೆ. ಅಭಿಪ್ರಾಯ, ಧಾರ್ಮಿಕ ಪ್ರವಚನ, ವಿಡಂಬನೆ, ಹಾಸ್ಯಗಳನ್ನು, ಸಾಮಾನ್ಯ ತಿಳಿವಳಿಕೆಯವರು ಅವನ್ನು ವಾಸ್ತವವೆಂದು ಭಾವಿಸದಿದ್ದರೆ, ತಪ್ಪು ಮಾಹಿತಿಯ ವ್ಯಾಖ್ಯೆಯಿಂದ ಹೊರಗಿಡಲಾಗಿತ್ತು. ಶಿಕ್ಷೆಯ ಜೊತೆಗೆ, ತಿದ್ದುಪಡಿ ಪ್ರಕಟಿಸಲು ಅಥವಾ ಬರಹ ತೆಗೆಯಲು ನಿರ್ದೇಶಿಸುವ ಅಧಿಕಾರವನ್ನೂ ವಿಶೇಷ ನ್ಯಾಯಾಲಯಗಳಿಗೆ ಕೊಡಲಾಗಿತ್ತು. ಕೇಂದ್ರದ ನಿಯಮದಲ್ಲಿ ಇಷ್ಟೂ ಇರಲಿಲ್ಲ. ವಿವಾದವೆದ್ದಾಗ ಅದು ಅಂತಿಮ ಕರಡಲ್ಲ ಎಂದು ಪ್ರಿಯಾಂಕ್ ಖರ್ಗೆ ಸ್ಪಷ್ಟಪಡಿಸಿದರು. ಆದರೂ ನ್ಯಾಯಾಲಯಕ್ಕೆ ಹೋಗುವ ಮೊದಲೇ ಯಾವುದು ಸುಳ್ಳು, ಯಾವುದು ಅಗೌರವ ಎಂದು ಗುರುತಿಸುವ ಕೆಲಸ ಸಚಿವರ ಪ್ರಾಧಿಕಾರದ್ದೇ ಆಗಿದ್ದರೆ, ದೆಹಲಿಯಲ್ಲಿ ಪಿಐಬಿಗೆ ಸಲ್ಲದು ಎಂದ ಅಧಿಕಾರ ಬೆಂಗಳೂರಿನಲ್ಲಿ ಇನ್ನೂ ವಿಶಾಲವಾಗಿ ಮರಳಿ ಬಂದಂತಾಗುತ್ತದೆ. ಪಿಐಬಿ ಘಟಕದ ವ್ಯಾಪ್ತಿ ಕೇಂದ್ರದ ವ್ಯವಹಾರಗಳಿಗೆ ಸೀಮಿತವಾಗಿತ್ತು, ಇದರದ್ದು ಸಾಹಿತ್ಯದವರೆಗೂ ಚಾಚಿತ್ತು. ಈ ಕರಡನ್ನು ಬಿಜೆಪಿ ಆಕ್ಷೇಪಿಸುವುದು ಸರಿಯೇ, ಆದರೆ ಕೇಂದ್ರದ 2023ರ ನಿಯಮವನ್ನು ತನ್ನದೇ ಸರ್ಕಾರ ನ್ಯಾಯಾಲಯದಲ್ಲಿ ಸಮರ್ಥಿಸಿಕೊಂಡದ್ದಕ್ಕೂ ಅದು ಉತ್ತರಿಸಬೇಕಾಗುತ್ತದೆ.

ಸಂವಿಧಾನದ ಅಧಿಕಾರ ಹಂಚಿಕೆಯ ತೊಡಕೂ ಇದೆ. ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯಪಟ್ಟಿಯಲ್ಲಿದ್ದರೆ ಸಂಪರ್ಕ ಸಾಧನಗಳು ಕೇಂದ್ರಪಟ್ಟಿಯಲ್ಲಿವೆ. ಜಾಲತಾಣ ಕಂಪನಿಗಳ ಮೇಲೆ ಹೊಣೆ ಹೊರಿಸುವ ರಾಜ್ಯ ಕಾನೂನು ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಎದುರಾಗಿ ನಿಲ್ಲುವ ಸಾಧ್ಯತೆ ಹೆಚ್ಚು. ಅಲ್ಲದೆ ಆ ಕಾಯ್ದೆಯಡಿ ಈಗಾಗಲೇ ಇರುವ ಅಧಿಕಾರವೇನೂ ಕಡಿಮೆಯಲ್ಲ: 79(3)(ಬಿ) ಸೆಕ್ಷನ್ನಿನಡಿ ಸಹಯೋಗ್ ಎಂಬ ಪೋರ್ಟಲ್ ಮೂಲಕ ಸರ್ಕಾರಿ ಸಂಸ್ಥೆಗಳು ಬರಹ ತೆಗೆಯುವಂತೆ ನೋಟಿಸ್ ಕೊಡುವುದನ್ನು ಎಕ್ಸ್ ಕಂಪನಿ ಪ್ರಶ್ನಿಸಿದಾಗ, ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಏಕಸದಸ್ಯ ಪೀಠ 2025ರ ಸೆಪ್ಟೆಂಬರ್‌ನಲ್ಲಿ ಆ ಅರ್ಜಿಯನ್ನು ವಜಾಗೊಳಿಸಿತು.

ಇದೆಲ್ಲಕ್ಕಿಂತ ಮುಖ್ಯವಾದ ಕೊರತೆಯೊಂದನ್ನು ಗುರುತಿಸಲು ಬೀದರ್ ಜಿಲ್ಲೆಗೆ ಹೋಗಬೇಕು. 2018ರ ಜುಲೈನಲ್ಲಿ ಔರಾದ್ ತಾಲ್ಲೂಕಿನ ಊರೊಂದರಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಅಪರಿಚಿತರನ್ನು ಜನ ಮಕ್ಕಳ ಕಳ್ಳರೆಂದು ಶಂಕಿಸಿದರು. ಅವರು ಕಾರಿನಲ್ಲಿ ಹೊರಟರೂ ವಾಟ್ಸ್‌ಆಪ್ ಸಂದೇಶ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತು, ಮುರ್ಕಿ ಗ್ರಾಮದ ಬಳಿ ಸೇರಿದ ಗುಂಪು ಅವರನ್ನು ತಡೆದು ಹೊಡೆಯಿತು, ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ದೇಶದ ಹಲವೆಡೆ ಇಂಥ ಕೊಲೆಗಳು ನಡೆದ ಆ ತಿಂಗಳಲ್ಲೇ ವಾಟ್ಸ್‌ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸುವಂತೆ ಮಿತಿ ಹಾಕಿತು. ವಾಟ್ಸ್‌ಆಪ್‌ನ ಸಂದೇಶಗಳು ಗೂಢಲಿಪೀಕರಣಗೊಂಡಿರುತ್ತವೆ, ಅಂದರೆ ಕಳುಹಿಸಿದವರು ಮತ್ತು ಪಡೆದವರನ್ನು ಬಿಟ್ಟು ಕಂಪನಿಯೂ ಅವನ್ನು ಓದಲಾರದು. ಸಂದೇಶದ ಮೂಲವನ್ನು ಪತ್ತೆಹಚ್ಚಿಕೊಡಬೇಕೆಂಬ 2021ರ ನಿಯಮವನ್ನು ಕಂಪನಿ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ಹಾಗಾಗಿ ಸಚಿವರ ಅಧ್ಯಕ್ಷತೆಯ ಪ್ರಾಧಿಕಾರ ಮುರ್ಕಿಯಂಥ ಊರಿನಲ್ಲಿ ಹತ್ತು ನಿಮಿಷದಲ್ಲಿ ಹಬ್ಬುವ ಗುಂಪಿನ ಸಂದೇಶವನ್ನು ನೋಡುವ ಸ್ಥಿತಿಯಲ್ಲೇ ಇರುವುದಿಲ್ಲ. ಅದರ ಕಣ್ಣಿಗೆ ಬೀಳುವುದು ಎಕ್ಸ್, ಫೇಸ್‌ಬುಕ್, ಯೂಟ್ಯೂಬ್‌ಗಳಲ್ಲಿ ಎಲ್ಲರೂ ಓದುವಂತೆ, ಬಹಳಷ್ಟು ಸಲ ಹೆಸರು ಹಾಕಿಯೇ, ಸರ್ಕಾರವನ್ನು ಟೀಕಿಸುವವರ ಬರಹ. ಅತ್ತ, ಬೀಟ್ ಪೊಲೀಸರು, ಗ್ರಾಮ ಪಂಚಾಯಿತಿ, ಶಾಲೆ, ಆಶಾ ಕಾರ್ಯಕರ್ತೆಯರು ಊರಿನ ಮಾತಿನಲ್ಲೇ ಒಡನೆ ಸುಳ್ಳನ್ನು ಅಲ್ಲಗಳೆಯುವಂತೆ ಮಾಡಲು ಹೊಸ ಅಪರಾಧವನ್ನಾಗಲೀ ಏಳು ವರ್ಷದ ಸೆರೆಯನ್ನಾಗಲೀ ಕಾನೂನಿನಲ್ಲಿ ಬರೆಯಬೇಕಾಗಿಲ್ಲ. ಅದಕ್ಕೆ ಬೇಕಾದ ಹಣ, ಸಿಬ್ಬಂದಿ, ತರಬೇತಿಗಳನ್ನು ಕಾಂಗ್ರೆಸ್ ಸರ್ಕಾರ ತನ್ನ ಬಜೆಟ್‌ನಲ್ಲೇ ಒದಗಿಸಬಹುದು.